ಹೆದ್ದಾರಿ ವೇಗದ ಕಂಪನ: ಹಳೆಯ ತೆರೆದ ಸ್ಪೋರ್ಟ್ಸ್ ಕಾರುಗಳಲ್ಲಿ

ಹೆದ್ದಾರಿ ವೇಗದ ಕಂಪನವೆಂದರೆ ಗಂಟೆಗೆ ಸುಮಾರು 80ರಿಂದ 130 ಕಿ.ಮೀ. ವೇಗದಲ್ಲಿ ಸಾಗುವ ಕಾರಿನ ಸ್ಟೀರಿಂಗ್, ಸೀಟು, ನೆಲ ಅಥವಾ ಇಡೀ ಬಾಡಿ ಒಂದೇ ಲಯದಲ್ಲಿ ಅದುರುವುದು. ರಸ್ತೆಯ ಹಳ್ಳದಿಣ್ಣೆಗಳಿಂದಾಗುವ ಕುಲುಕಾಟ ಬೇರೆ, ಇದು ಬೇರೆ. ಕುಲುಕಾಟ ರಸ್ತೆ ಬದಲಾದಂತೆ ಬದಲಾಗುತ್ತದೆ. ಕಂಪನವಾದರೋ ಕಾರಿನಲ್ಲೇ ಸುತ್ತುವ ಯಾವುದೋ ಭಾಗದಿಂದ ಹುಟ್ಟುವುದರಿಂದ ನುಣುಪಾದ ರಸ್ತೆಯಲ್ಲೂ ಇರುತ್ತದೆ. ಹೆಚ್ಚಾಗಿ ಒಂದು ನಿರ್ದಿಷ್ಟ ವೇಗದಲ್ಲಿ ಶುರುವಾಗಿ, ಇನ್ನಷ್ಟು ವೇಗದಲ್ಲಿ ತಗ್ಗುತ್ತದೆ ಅಥವಾ ಬೇರೆ ರೂಪ ತಾಳುತ್ತದೆ.

ಸ್ಥಿರ ಮೇಲ್ಛಾವಣಿಯಿಲ್ಲದ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಈ ತೊಂದರೆ ಹೆಚ್ಚು. ಕಾರಣ ಎರಡು. ದಶಕಗಳ ಬಳಕೆಯಿಂದ ರಬ್ಬರ್ ಬುಷ್, ಬೇರಿಂಗ್, ಜಾಯಿಂಟುಗಳು ಸವೆದಿರುತ್ತವೆ. ಛಾವಣಿಯಿಲ್ಲದ ಬಾಡಿಯಂತೂ ಸಣ್ಣ ಕಂಪನವನ್ನೂ ಹಿಗ್ಗಿಸಿ ತೋರಿಸುತ್ತದೆ. ಹಾಗಾಗಿ ಅದುರುವ ಜಾಗವೇ ದೋಷದ ಜಾಗವೆಂದು ಹೇಳಲಾಗುವುದಿಲ್ಲ. ಕಂಪನದ ಲಯ ಯಾವ ಭಾಗದ ಸುತ್ತಿಗೆ ಹೊಂದುತ್ತದೆ ಎಂಬುದನ್ನು ಮೊದಲು ಕಂಡುಕೊಂಡು, ಆಮೇಲೆ ಬಿಡಿಭಾಗಗಳಿಗೆ ಕೈಹಾಕುವುದೇ ಪತ್ತೆಯ ಮೂಲ ಕ್ರಮ. ಈ ಬಗೆಯ ಕಾರುಗಳಲ್ಲಿ ಒಂದಾದ ಮಾಜ್ದಾ ಎಂಎಕ್ಸ್-5ರ ಮೊದಲ ಪೀಳಿಗೆಯನ್ನು ಇಲ್ಲಿ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಮಾಜ್ದಾ ಎಂಎಕ್ಸ್-5ರ ರಚನೆ

ಎಂಎಕ್ಸ್-5 ಮೊದಲು ಪ್ರದರ್ಶನಗೊಂಡದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೊ ಮೋಟಾರು ಪ್ರದರ್ಶನದಲ್ಲಿ. ಅಮೆರಿಕದಲ್ಲಿ ಇದು ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. ಎನ್‌ಎ ಎಂಬ ಸಂಕೇತದ ಮೊದಲ ಪೀಳಿಗೆಯ ಕಾರುಗಳು 1997ರವರೆಗೆ ಹಿರೋಷಿಮಾದಲ್ಲಿ ತಯಾರಾದವು. ಒಟ್ಟು ಸಂಖ್ಯೆ 4 ಲಕ್ಷಕ್ಕೂ ಹೆಚ್ಚು. ಎಲ್ಲ ಪೀಳಿಗೆಗಳೂ ಸೇರಿ 10 ಲಕ್ಷದ ಕಾರು ಹೊರಬಂದದ್ದು 2016ರ ಏಪ್ರಿಲ್‌ನಲ್ಲಿ.

ಎರಡೇ ಸೀಟು, ಮುಂದೆ ಎಂಜಿನ್, ಹಿಂಚಕ್ರಗಳಿಗೆ ಚಾಲನೆ, ನಾಲ್ಕೂ ಮೂಲೆಗಳಲ್ಲಿ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಇದರ ರಚನೆ. ಮೊದಲ ಕಾರುಗಳಲ್ಲಿ 1.6 ಲೀಟರಿನ, 1994ರ ಮಾದರಿಯಿಂದ 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಇತ್ತು. 1.6 ಲೀಟರಿನ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ; ಚಕ್ರಾಂತರ 2,265 ಮಿ.ಮೀ. ಕಾರ್ಖಾನೆಯಿಂದ ಬಂದ ಟೈರಿನ ಅಳತೆ 185/60 ಆರ್14.

ಗೇರ್‌ಬಾಕ್ಸನ್ನೂ ಹಿಂಬದಿಯ ಡಿಫರೆನ್ಷಿಯಲನ್ನೂ ಒಂದು ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟಿನಿಂದ ಬಿಗಿಯಾಗಿ ಜೋಡಿಸಿರುವುದು ಈ ಕಾರಿನ ವಿಶೇಷ. ಪವರ್ ಪ್ಲಾಂಟ್ ಫ್ರೇಮ್ ಎಂಬ ಈ ಚೌಕಟ್ಟೇ ಗೇರ್‌ಬಾಕ್ಸಿನ ಹಿಂಭಾಗವನ್ನು ಹೊರುತ್ತದೆ. ಗೇರ್‌ಬಾಕ್ಸಿಗೆ ಬೇರೆ ಮೌಂಟಿಂಗ್ ಇಲ್ಲ. ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂಚಕ್ರಗಳು ಸ್ಪಂದಿಸಲಿ ಎಂಬುದು ಇದರ ಉದ್ದೇಶ. ಹಗುರ ಕಾರು, ಮೃದುತ್ವ ಕಡಿಮೆಯಿರುವ ಜೋಡಣೆ, ತೆರೆದ ಬಾಡಿ ಈ ಮೂರೂ ಸೇರಿ, ಭಾರದ ಕಾರಿನಲ್ಲಿ ಗೊತ್ತೇ ಆಗದ ದೋಷವೂ ಇಲ್ಲಿ ಚಾಲಕನ ಕೈಗೆ ತಾಗುತ್ತದೆ.

ವೇಗ ಮತ್ತು ಕಂಪನಾಂಕ

ಸುತ್ತುವ ವಸ್ತುವಿನ ಒಂದು ಬದಿ ಇನ್ನೊಂದಕ್ಕಿಂತ ಭಾರವಾಗಿದ್ದರೆ ಪ್ರತಿ ಸುತ್ತಿಗೂ ಒಂದು ಎಳೆತ ಉಂಟಾಗುತ್ತದೆ. ಒಂದು ಸೆಕೆಂಡಿಗೆ ಎಷ್ಟು ಸುತ್ತೋ ಅಷ್ಟು ಹರ್ಟ್ಸ್ ಕಂಪನ. 185/60 ಆರ್14 ಟೈರಿನ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಆದ್ದರಿಂದ ಆ ವೇಗದಲ್ಲಿ ಚಕ್ರ ಸೆಕೆಂಡಿಗೆ 15ಕ್ಕಿಂತ ತುಸು ಹೆಚ್ಚು ಸುತ್ತು ಸುತ್ತುತ್ತದೆ.

1.6 ಲೀಟರಿನ ಕಾರಿನ ಡಿಫರೆನ್ಷಿಯಲ್ ಅನುಪಾತ 4.3. ಎಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ, ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ 4.3 ಸುತ್ತು ಬಂದಿರುತ್ತದೆ. ಗಂಟೆಗೆ 100 ಕಿ.ಮೀ.ಗೆ ಶಾಫ್ಟಿನ ಲಯ 66 ಹರ್ಟ್ಸ್ ಆಸುಪಾಸು. ಐದನೇ ಗೇರಿನ ಅನುಪಾತ 0.814 ಆದ್ದರಿಂದ ಎಂಜಿನ್ ಅದಕ್ಕಿಂತ ನಿಧಾನ. ಸೆಕೆಂಡಿಗೆ ಸುಮಾರು 54 ಸುತ್ತು, ನಿಮಿಷಕ್ಕೆ 3,200ರ ಸುಮಾರು. ನಾಲ್ಕನೇ ಗೇರಿನ ಅನುಪಾತ ಸರಿಯಾಗಿ 1. ಅದರಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ಲೆಕ್ಕದಲ್ಲಿ ಸುತ್ತುತ್ತವೆ. 1.8 ಲೀಟರಿನ ಕಾರಿನಲ್ಲಿ ಡಿಫರೆನ್ಷಿಯಲ್ ಅನುಪಾತ 4.1ಕ್ಕೆ ಇಳಿದಿರುವುದರಿಂದ ಶಾಫ್ಟಿನ ಲಯವೂ ಸ್ವಲ್ಪ ತಗ್ಗುತ್ತದೆ.

15 ಹರ್ಟ್ಸ್ ಕಂಪನ ಕೈಗೆ ಅದುರಾಟವಾಗಿ ತಿಳಿಯುತ್ತದೆ, ಕಣ್ಣಿಗೂ ಕಾಣುತ್ತದೆ. 50–70 ಹರ್ಟ್ಸ್ ಕಂಪನ ಕಾಲಡಿಯ ಝುಮ್ಮೆನ್ನುವಿಕೆಯಾಗಿ, ಕಿವಿಗೆ ಗುಂಯ್‌ಗುಡುವ ಸದ್ದಾಗಿ ಬರುತ್ತದೆ. ಹೀಗಾಗಿ ಯಾವ ಉಪಕರಣವೂ ಇಲ್ಲದೆ ಚಕ್ರದ ದೋಷವನ್ನೂ ಶಾಫ್ಟಿನ ದೋಷವನ್ನೂ ಒಂದು ಮಟ್ಟಿಗೆ ಬೇರೆಬೇರೆಯಾಗಿ ಗುರುತಿಸಬಹುದು. ಮೊಬೈಲ್ ಫೋನಿನ ಚಲನಮಾಪಕವನ್ನು ಬಳಸುವ ಆ್ಯಪ್‌ಗಳು ಕಂಪನಾಂಕವನ್ನೇ ಅಂಕಿಯಲ್ಲಿ ತೋರಿಸುವುದರಿಂದ ಈ ಕೆಲಸ ಈಗ ಇನ್ನೂ ಸುಲಭ.

ಎಳೆತದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 14 ಇಂಚಿನ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ತೂಕ ಹೆಚ್ಚಿದ್ದರೆ ಗಂಟೆಗೆ 50 ಕಿ.ಮೀ.ಗೆ ಹುಟ್ಟುವ ಬಲ ಸುಮಾರು 13 ನ್ಯೂಟನ್. 100 ಕಿ.ಮೀ.ಗೆ ಅದೇ ಬಲ ನಾಲ್ಕು ಪಟ್ಟಾಗಿ 50 ನ್ಯೂಟನ್ ಮುಟ್ಟುತ್ತದೆ. ಐದು ಕಿಲೋ ತೂಕದಷ್ಟು ಬಲ ಸೆಕೆಂಡಿಗೆ 15 ಬಾರಿ ದಿಕ್ಕು ಬದಲಿಸುತ್ತ ಚಕ್ರವನ್ನು ಜಗ್ಗಿದಂತೆ. ಊರೊಳಗೆ ಸುಮ್ಮನಿರುವ ಕಾರು ಹೆದ್ದಾರಿಯಲ್ಲಿ ಅದುರಲು ಇದೇ ಕಾರಣ.

ತೆರೆದ ಬಾಡಿಯ ಪಾತ್ರ

ಮುಚ್ಚಿದ ಕಾರಿನಲ್ಲಿ ಛಾವಣಿ, ಕಂಬಗಳು, ನೆಲ ಎಲ್ಲವೂ ಸೇರಿ ಒಂದು ಪೆಟ್ಟಿಗೆಯಾಗುತ್ತವೆ. ಬೆಂಕಿಪೊಟ್ಟಣದ ಹೊರಕವಚ ಕಳಚಿದರೆ ಒಳಗಿನ ತಟ್ಟೆ ಸುಲಭವಾಗಿ ತಿರುಚಿಕೊಳ್ಳುವಂತೆ, ಛಾವಣಿ ತೆಗೆದ ಬಾಡಿಯೂ ಮುಂದಿನಿಂದ ಹಿಂದಕ್ಕೆ ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಗೆ ತನ್ನದೇ ಆದ ಸಹಜ ಕಂಪನಾಂಕವಿದ್ದು, ಹಳೆಯ ತೆರೆದ ಕಾರುಗಳಲ್ಲಿ ಅದು ಸಾಮಾನ್ಯವಾಗಿ 10ರಿಂದ 20 ಹರ್ಟ್ಸ್ ನಡುವೆ ಬೀಳುತ್ತದೆ. ಮುಚ್ಚಿದ ಬಾಡಿಗಳಲ್ಲಿ ಸಾಕಷ್ಟು ಮೇಲಿರುತ್ತದೆ. ಹೆದ್ದಾರಿ ವೇಗದಲ್ಲಿ ಚಕ್ರದ ಲಯವೂ ಇದೇ ಆಸುಪಾಸಿನದು. ಎರಡೂ ಕೂಡಿದಾಗ ಅನುರಣನೆ ಉಂಟಾಗಿ ಡ್ಯಾಶ್‌ಬೋರ್ಡ್, ಮುಂಗಾಜಿನ ಚೌಕಟ್ಟು, ಒಳಗನ್ನಡಿ ಒಟ್ಟಿಗೆ ನಡುಗುತ್ತವೆ. ಇದಕ್ಕೆ ಸ್ಕಟಲ್ ಶೇಕ್ ಅಥವಾ ಕೌಲ್ ಶೇಕ್ ಎಂದು ಹೆಸರು.

ಮಾಜ್ದಾ 1994ರ ಮಾದರಿಯಲ್ಲಿ ಸೀಟುಗಳ ಹಿಂದೆ ಎರಡು ಸೀಟ್‌ಬೆಲ್ಟ್ ಗೋಪುರಗಳ ನಡುವೆ ಅಡ್ಡಪಟ್ಟಿಯನ್ನೂ ಮುಂದಿನ ಮತ್ತು ಹಿಂದಿನ ಸಬ್‌ಫ್ರೇಮುಗಳಿಗೆ ಆಧಾರಪಟ್ಟಿಗಳನ್ನೂ ಸೇರಿಸಿತು. ನೆಲದಡಿಯ ಉದ್ದಪಟ್ಟಿಗಳನ್ನು ಬಲಪಡಿಸುವ ಉಕ್ಕಿನ ಕವಚಗಳು, ಅಡ್ಡ ಆಧಾರಗಳು ಹೊರಗಿನ ತಯಾರಕರಿಂದಲೂ ಸಿಗುತ್ತವೆ. ಜ್ಯಾಕ್ ತಪ್ಪಾದ ಜಾಗಕ್ಕೆ ಕೊಟ್ಟು ನೆಲದಡಿಯ ಪಟ್ಟಿ ನಜ್ಜಾಗಿರುವುದು, ಬಾಗಿಲಡಿಯ ಸಿಲ್ ಒಳಗಿನಿಂದ ತುಕ್ಕು ಹಿಡಿದಿರುವುದು ಈ ಕಾರುಗಳಲ್ಲಿ ಸಾಮಾನ್ಯ. ಎರಡೂ ಬಾಡಿಯ ಬಿಗುವನ್ನು ಕಡಿಮೆ ಮಾಡುತ್ತವೆ. ಸಿಲ್ ತುಕ್ಕು ಹಿಡಿದ ಕಾರಿನಲ್ಲಿ ವೆಲ್ಡಿಂಗ್ ಮೊದಲು, ಉಳಿದದ್ದು ಆಮೇಲೆ.

ಆಧಾರಪಟ್ಟಿಗಳು ಬಾಡಿಯ ಸಹಜ ಕಂಪನಾಂಕವನ್ನು ಮೇಲಕ್ಕೊಯ್ಯುತ್ತವೆಯೇ ಹೊರತು ಕಂಪನದ ಮೂಲವನ್ನು ತೆಗೆಯುವುದಿಲ್ಲ. ಸಮತೋಲ ತಪ್ಪಿದ ಚಕ್ರವನ್ನು ಹಾಗೆಯೇ ಬಿಟ್ಟು ಬಾಡಿಗೆ ಪಟ್ಟಿ ಬಿಗಿದರೆ, ಅದುರುವ ವೇಗ ಬದಲಾಗಬಹುದು ಅಷ್ಟೆ.

ರಸ್ತೆ ಪರೀಕ್ಷೆ

ಪರೀಕ್ಷೆಗೆ ಮುನ್ನ ಟೈರಿನ ಗಾಳಿ ಸರಿಪಡಿಸಬೇಕು. ಮೊದಲ ಪೀಳಿಗೆಯ ಎಂಎಕ್ಸ್-5ಕ್ಕೆ ಮಾಜ್ದಾ ಸೂಚಿಸಿದ ಒತ್ತಡ 26 ಪಿಎಸ್‌ಐ. ಕಾರನ್ನು ಕನಿಷ್ಠ 20–30 ಕಿ.ಮೀ. ಓಡಿಸಿ ಟೈರು ಬೆಚ್ಚಗಾದ ಮೇಲೆಯೇ ತೀರ್ಮಾನಕ್ಕೆ ಬರಬೇಕು. ಬಹುದಿನ ನಿಂತ ಕಾರಿನ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ. ಓಡಿದಂತೆ ದುಂಡಗಾದರೆ ಅದು ತಾತ್ಕಾಲಿಕ. ಚಳಿಗಾಲದಲ್ಲಿ ಶೆಡ್ಡಿನಲ್ಲಿಟ್ಟು ಬೇಸಿಗೆಯಲ್ಲಿ ಹೊರತೆಗೆಯುವ ದೇಶಗಳಲ್ಲಿ ಈ ಕಾರುಗಳಿಗೆ ಬರುವ ಕಂಪನದಲ್ಲಿ ಇದರ ಪಾಲು ದೊಡ್ಡದು.

ಪರೀಕ್ಷೆಯ ಮೊದಲ ಹೆಜ್ಜೆ, ಕಂಪನ ಶುರುವಾಗುವ, ಜೋರಾಗುವ ಮತ್ತು ತಗ್ಗುವ ವೇಗಗಳನ್ನು ಬರೆದುಕೊಳ್ಳುವುದು. ಎರಡನೆಯದು, ಅದೇ ವೇಗದಲ್ಲಿ ಬೇರೆ ಗೇರಿಗೆ ಬದಲಿಸುವುದು. ಎಂಜಿನ್ನಿನ ಸುತ್ತು ಬದಲಾದರೂ ಕಂಪನ ಹಾಗೆಯೇ ಇದ್ದರೆ ಎಂಜಿನ್ ನಿರ್ದೋಷಿ. ಮೂರನೆಯದು, ಖಾಲಿ ರಸ್ತೆಯಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಕಾರನ್ನು ಜಾರಲು ಬಿಡುವುದು. ಆಗಲೂ ಕಂಪನ ನಿಲ್ಲದಿದ್ದರೆ ಚಕ್ರ, ಹಬ್, ಶಾಫ್ಟುಗಳ ಕಡೆ ನೋಡಬೇಕು. ಎಂಜಿನ್ ಬಂದ್ ಮಾಡಬಾರದು; ಸ್ಟೀರಿಂಗ್ ಮತ್ತು ಬ್ರೇಕಿನ ನೆರವು ತಪ್ಪುತ್ತದೆ. ನಾಲ್ಕನೆಯದು, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಂಪನ ಬರುತ್ತದೆಯೇ ಎಂದು ನೋಡುವುದು. ಹಾಗಿದ್ದರೆ ಅನುಮಾನ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್, ಹಿಂಚಕ್ರಗಳ ಆಕ್ಸಲ್‌ಗಳ ಸಿವಿ ಜಾಯಿಂಟ್ ಮತ್ತು ಮೌಂಟಿಂಗುಗಳ ಮೇಲೆ. ಬ್ರೇಕ್ ಹಾಕಿದಾಗ ಮಾತ್ರ ಬಂದರೆ ಡಿಸ್ಕಿನ ಮೇಲೆ.

ನಿಂತಲ್ಲೇ ಎಂಜಿನ್ನನ್ನು ನಿಮಿಷಕ್ಕೆ 3,200 ಸುತ್ತಿಗೆ ಏರಿಸಿ ನೋಡುವುದೂ ಉಪಯುಕ್ತ. ಆಗ ಅದೇ ಝುಮ್ಮು ಕಂಡರೆ ದೋಷ ಎಂಜಿನ್ ಅಥವಾ ಕ್ಲಚ್ಚಿನಲ್ಲಿದೆ.

ಕಂಪನ ಸ್ಟೀರಿಂಗಿನಲ್ಲಿದ್ದರೆ ಮುಂಚಕ್ರ, ಸೀಟಿನಲ್ಲಿದ್ದರೆ ಹಿಂಚಕ್ರ ಎಂಬುದು ರೂಢಿಯ ಸೂತ್ರ. ತೆರೆದ ಕಾರಿನಲ್ಲಿ ಇದನ್ನು ಪೂರ್ತಿ ನಂಬುವಂತಿಲ್ಲ. ಹಿಂಚಕ್ರದ ಅದುರಾಟವೂ ಬಾಡಿಯ ಮೂಲಕ ಡ್ಯಾಶ್‌ಬೋರ್ಡಿಗೆ ಬರುತ್ತದೆ. ಎಂಎಕ್ಸ್-5ರ ನಾಲ್ಕೂ ಚಕ್ರಗಳ ಅಳತೆ ಒಂದೇ ಆದ್ದರಿಂದ ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸುವುದೇ ಒಳ್ಳೆಯ ಪರೀಕ್ಷೆ. ಕಂಪನದ ಜಾಗವೋ ರೀತಿಯೋ ಬದಲಾದರೆ ದೋಷ ಚಕ್ರದಲ್ಲೇ ಇದೆ. ಏನೂ ಬದಲಾಗದಿದ್ದರೆ ಹಬ್ಬಿನಿಂದ ಒಳಕ್ಕೆ ಹುಡುಕಬೇಕು. ಖರ್ಚಿಲ್ಲದ ಈ ಪರೀಕ್ಷೆ ಹಲವು ಬಿಡಿಭಾಗಗಳ ಖರೀದಿಯನ್ನು ತಪ್ಪಿಸುತ್ತದೆ.

ಟೈರು ಮತ್ತು ರಿಮ್

ಹೆದ್ದಾರಿ ವೇಗದ ಕಂಪನಕ್ಕೆ ಅತಿ ಸಾಮಾನ್ಯ ಕಾರಣ ಟೈರು ಮತ್ತು ರಿಮ್ಮಿನ ಜೋಡಿಯಲ್ಲಿರುತ್ತದೆ. ಅದರಲ್ಲಿ ಮೂರು ಬಗೆ: ತೂಕದ ಅಸಮತೋಲ, ಆಕಾರದ ದೋಷ, ಟೈರಿನ ಗಡಸುತನದ ಏರುಪೇರು.

ತೂಕದ ಅಸಮತೋಲವನ್ನು ಬ್ಯಾಲೆನ್ಸಿಂಗ್ ಯಂತ್ರ ಕಂಡುಹಿಡಿಯುತ್ತದೆ. ಚಕ್ರದ ಒಳ ಅಂಚು, ಹೊರ ಅಂಚು ಎರಡಕ್ಕೂ ಬೇರೆಬೇರೆಯಾಗಿ ತೂಕ ಕೊಡುವ ಡೈನಮಿಕ್ ಬ್ಯಾಲೆನ್ಸಿಂಗ್ ಈ ಕಾರಿಗೆ ಬೇಕು. ಅನೇಕ ಯಂತ್ರಗಳು ಸಾಮಾನ್ಯ ಬಳಕೆಯಲ್ಲಿ ಕೆಲವು ಗ್ರಾಂವರೆಗಿನ ವ್ಯತ್ಯಾಸವನ್ನು ಸೊನ್ನೆಯೆಂದೇ ತೋರಿಸುತ್ತವೆ. ಹಗುರ ಕಾರಿನಲ್ಲಿ ಅಷ್ಟೂ ತಿಳಿಯುವುದರಿಂದ ಯಂತ್ರವನ್ನು ಸೂಕ್ಷ್ಮ ಅಳತೆಗೆ ಬದಲಿಸಿಕೊಳ್ಳಬೇಕು.

ಯಂತ್ರದ ಕಂಬಿಗೆ ಚಕ್ರ ನಟ್ಟಗೆ ಕೂರದಿದ್ದರೆ ಅಳತೆಯೇ ತಪ್ಪಾಗುತ್ತದೆ. ಇದನ್ನು ಅಲ್ಲೇ ಪರೀಕ್ಷಿಸಬಹುದು. ತೂಕ ಹಾಕಿ ಎರಡೂ ಬದಿ ಸೊನ್ನೆ ಬಂದ ಮೇಲೆ ಚಕ್ರವನ್ನು ಸಡಿಲಿಸಿ, ಕಂಬಿಯ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಸುತ್ತಿಸಬೇಕು. ಆಗಲೂ ಸೊನ್ನೆ ಬಂದರೆ ಚಕ್ರ ಸರಿಯಾಗಿ ಕೂತಿತ್ತು ಎಂದರ್ಥ. 15–20 ಗ್ರಾಂ ಎಂದು ಬೇರೆ ಅಂಕಿ ತೋರಿಸಿದರೆ ಚಕ್ರವನ್ನು ಕಂಬಿಯ ಮಧ್ಯಕ್ಕೆ ತರುವ ಕೋನ್ ಸವೆದಿದೆ, ಅಥವಾ ರಿಮ್ಮಿನ ನಡುತೂತಿನಲ್ಲಿ ಕೊಳೆಯೋ ತುಕ್ಕೋ ಇದೆ. ಹಾಗಿರುವಾಗ ಮಾಡಿದ ಬ್ಯಾಲೆನ್ಸಿಂಗ್ ಯಂತ್ರದ ಮೇಲಷ್ಟೇ ಸರಿ, ಕಾರಿನ ಮೇಲೆ ತಪ್ಪು.

ಆಕಾರದ ದೋಷಕ್ಕೆ ತೂಕ ಹಾಕಿ ಪ್ರಯೋಜನವಿಲ್ಲ. ಹಳ್ಳಕ್ಕೆ ಬಡಿದು ಒಳ ಅಂಚು ಬಾಗಿದ ಅಲಾಯ್ ರಿಮ್, ಒಳಪದರ ಬಿಟ್ಟು ಉಬ್ಬಿದ ಟೈರು, ಅಂಚು ಪೂರ್ತಿ ಕೂರದ ಟೈರು ಇವೆಲ್ಲ ಸಮತೋಲ ಸರಿಯಿದ್ದರೂ ಕಾರನ್ನು ಎತ್ತೆತ್ತಿ ಹಾಕುತ್ತವೆ. ಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ, ಅಂಚಿನ ಹತ್ತಿರ ಒಂದು ಕಡ್ಡಿಯನ್ನು ಅಲುಗಾಡದಂತೆ ನಿಲ್ಲಿಸಿ, ಕೈಯಿಂದ ನಿಧಾನವಾಗಿ ಸುತ್ತಿಸಿದರೆ ದೊಡ್ಡ ಸೊಟ್ಟು ಬರಿಗಣ್ಣಿಗೇ ಕಾಣುತ್ತದೆ. ಸಣ್ಣದಕ್ಕೆ ಡಯಲ್ ಗೇಜ್ ಬೇಕು. ಏರಿಳಿತ ಒಂದು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಇಂಥ ಹಗುರ ಕಾರಿನಲ್ಲಿ ಅನುಮಾನಪಡಬೇಕು.

ಮೂರನೆಯದು, ಟೈರಿನ ಒಂದು ಭಾಗ ಇನ್ನೊಂದಕ್ಕಿಂತ ಗಡಸಾಗಿರುವುದು. ನೋಡಲು ದುಂಡಗಿದ್ದು, ಸಮತೋಲವೂ ಸರಿಯಿದ್ದು, ಭಾರ ಬಿದ್ದಾಗ ಮಾತ್ರ ಟೈರು ಅಸಮವಾಗಿ ಒತ್ತಿಕೊಳ್ಳುತ್ತದೆ. ಚಕ್ರಕ್ಕೆ ಉರುಳೆಯೊಂದನ್ನು ಒತ್ತಿ ಅಳೆಯುವ ರೋಡ್ ಫೋರ್ಸ್ ಯಂತ್ರಗಳಿಂದ ಮಾತ್ರ ಇದು ಪತ್ತೆಯಾಗುತ್ತದೆ. ಪರಿಹಾರ, ಟೈರಿನ ಗಡಸು ಭಾಗವನ್ನು ರಿಮ್ಮಿನ ತಗ್ಗು ಭಾಗಕ್ಕೆ ಹೊಂದಿಸಿ ಮತ್ತೆ ಕೂರಿಸುವುದು. ಹೊಸ ಟೈರಿನ ಪಕ್ಕದ ಕೆಂಪು ಚುಕ್ಕೆ ಈ ಗಡಸು ಅಥವಾ ಎತ್ತರದ ಭಾಗದ ಗುರುತು. ಹಳದಿ ಚುಕ್ಕೆ ಹಗುರ ಭಾಗದ್ದು, ಅದನ್ನು ವಾಲ್ವಿನ ನೇರಕ್ಕೆ ತರುವುದು ರೂಢಿ.

ಟೈರಿನ ವಯಸ್ಸನ್ನೂ ನೋಡಬೇಕು. ವರ್ಷಕ್ಕೆ ಕೆಲವೇ ಸಾವಿರ ಕಿ.ಮೀ. ಓಡುವ ಈ ಕಾರುಗಳಲ್ಲಿ ಅಚ್ಚು ಸವೆಯುವ ಮೊದಲೇ ರಬ್ಬರ್ ಗಡಸಾಗುತ್ತದೆ. ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದರೆ 2019ರ 23ನೇ ವಾರ. ಹತ್ತು ವರ್ಷ ದಾಟಿದ ಟೈರಿಗೆ ಬ್ಯಾಲೆನ್ಸಿಂಗ್ ಮಾಡಿಸುತ್ತ ಕೂರುವುದಕ್ಕಿಂತ ಬದಲಿಸುವುದೇ ಸರಿ. ಸುರಕ್ಷತೆಯ ದೃಷ್ಟಿಯಿಂದಲೂ ಅದು ಅಗತ್ಯ.

ಹಬ್ಬಿಗೆ ಚಕ್ರ ಕೂರುವ ಬಗೆ

ಎಂಎಕ್ಸ್-5ರ ಮೊದಲ ಪೀಳಿಗೆಯ ಚಕ್ರಕ್ಕೆ ನಾಲ್ಕು ನಟ್ಟು. ಅವು 100 ಮಿ.ಮೀ. ವ್ಯಾಸದ ವೃತ್ತದಲ್ಲಿರುತ್ತವೆ. ಹಬ್ಬಿನ ನಡುವಿನ ಉಬ್ಬು 54.1 ಮಿ.ಮೀ.; ಮೂಲ ರಿಮ್ಮಿನ ನಡುತೂತು ಅದಕ್ಕೆ ಸರಿಹೊಂದಿ ಚಕ್ರವನ್ನು ಮಧ್ಯಕ್ಕೆ ತರುತ್ತದೆ. ಹೊರಗಿನ ತಯಾರಕರ ರಿಮ್ಮುಗಳು ಹಲವು ಕಾರುಗಳಿಗೆ ಹೊಂದಲೆಂದು ದೊಡ್ಡ ತೂತಿನೊಡನೆ ಬರುತ್ತವೆ. ಆಗ ಮಧ್ಯಕ್ಕೆ ತರುವ ಕೆಲಸ ನಟ್ಟುಗಳ ಕೋನಾಕಾರದ ಬಾಯಿಗೆ ಬೀಳುತ್ತದೆ. ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಕಂಪನ ಬರುತ್ತದೆ. ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಉಂಗುರಗಳಿಂದ ಆ ಸಂದನ್ನು ತುಂಬುವುದು ಅಗ್ಗದ ಪರಿಹಾರ.

ಹಬ್ ಮತ್ತು ಚಕ್ರ ಮುಖಾಮುಖಿ ಕೂರುವ ಜಾಗದ ತುಕ್ಕು ಇನ್ನೊಂದು ಕಾರಣ. ಈ ಕಾರಿನಲ್ಲಿ ಬ್ರೇಕ್ ಡಿಸ್ಕ್ ಹಬ್ ಮತ್ತು ರಿಮ್ಮಿನ ನಡುವೆ ಸಿಕ್ಕಿಕೊಂಡಿರುತ್ತದೆ. ಹಬ್ಬಿನ ಮೇಲಿನ ಒಂದು ತುಕ್ಕಿನ ಚಕ್ಕೆ ಡಿಸ್ಕನ್ನು ತುಸು ಓರೆ ಮಾಡಿದರೆ, ಅಂಚಿಗೆ ಹೋಗುವಷ್ಟರಲ್ಲಿ ಆ ಓರೆ ಹಲವು ಪಟ್ಟು ಹಿಗ್ಗುತ್ತದೆ. ಡಿಸ್ಕ್ ಕಳಚಿ, ಹಬ್ಬಿನ ಮುಖ, ಡಿಸ್ಕಿನ ಎರಡೂ ಮುಖ, ರಿಮ್ಮಿನ ಹಿಂಭಾಗವನ್ನು ತಂತಿಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಸ್ಟಡ್ಡುಗಳ ಬುಡದ ಸುತ್ತ ಬ್ರಷ್ಷು ಸುಲಭವಾಗಿ ತಲುಪುವುದಿಲ್ಲ. ಮುಖ್ಯವಾಗಿ ತುಕ್ಕು ಉಳಿಯುವುದೇ ಅಲ್ಲಿ. ಮರಳಿ ಕೂರಿಸುವಾಗ ಚಕ್ರ ನೆಲಕ್ಕೆ ತಾಗದಂತಿಟ್ಟು, ನಟ್ಟುಗಳನ್ನು ಎದುರುಬದುರಿನ ಕ್ರಮದಲ್ಲಿ ಕೈಯಿಂದ ತಿರುಗಿಸಿ, ಕಾರು ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ 88–118 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಗಾಳಿಗನ್ನಿನಿಂದ ಒಂದೊಂದೇ ನಟ್ಟನ್ನು ಪೂರ್ತಿ ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ.

ಬೇರಿಂಗ್ ಮತ್ತು ಬ್ರೇಕ್

ಮುಂಚಕ್ರಗಳ ಬೇರಿಂಗು ಹಬ್ಬಿನೊಡನೆ ಒಂದೇ ಮುಚ್ಚಿದ ಘಟಕವಾಗಿರುವುದರಿಂದ ಸಡಿಲವಾದರೆ ಬಿಗಿಮಾಡಲಾಗದು. ಇಡೀ ಘಟಕವನ್ನೇ ಬದಲಿಸಬೇಕು. ಹಿಂಚಕ್ರದ ಬೇರಿಂಗನ್ನು ಪ್ರೆಸ್ಸಿನಿಂದ ಕೂರಿಸಲಾಗಿರುತ್ತದೆ. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎಡಬಲ ಹಿಡಿದಾಗ ಮಾತ್ರ ಎಂದರೆ ಟೈ ರಾಡ್ ತುದಿಯದು. ಸವೆದ ಬೇರಿಂಗ್ ಗುರ್‌ಗುಡುತ್ತದೆ. ತಿರುವಿನಲ್ಲಿ ಭಾರ ಬಿದ್ದ ಬದಿಯಲ್ಲಿ ಆ ಸದ್ದು ಏರುತ್ತದೆ.

ಬ್ರೇಕ್ ಹಾಕಿದಾಗ ಮಾತ್ರ ಬರುವ ನಡುಕಕ್ಕೆ ಡಿಸ್ಕಿನ ದಪ್ಪದ ಏರುಪೇರೇ ಹೆಚ್ಚಾಗಿ ಕಾರಣ. ಡಿಸ್ಕ್ ಬಿಸಿಗೆ ಸೊಟ್ಟಗಾಗಿದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ವಾಸ್ತವದಲ್ಲಿ, ಓರೆಯಾಗಿ ಕೂತ ಡಿಸ್ಕ್ ಪ್ರತಿ ಸುತ್ತಿಗೂ ಪ್ಯಾಡನ್ನು ಒಂದೇ ಕಡೆ ಸವರಿ, ಕಾಲಕ್ರಮದಲ್ಲಿ ಅಲ್ಲಿ ತೆಳ್ಳಗಾಗುವುದೋ ಪ್ಯಾಡಿನ ಪುಡಿ ಅಂಟಿಕೊಳ್ಳುವುದೋ ಹೆಚ್ಚು. ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದಷ್ಟು ದಪ್ಪದ ವ್ಯತ್ಯಾಸವೂ ಕಾಲಿಗೆ ತಿಳಿಯುತ್ತದೆ. ಹಬ್ ಸ್ವಚ್ಛಗೊಳಿಸದೆ ಹೊಸ ಡಿಸ್ಕ್ ಹಾಕಿದರೆ ಕೆಲವು ಸಾವಿರ ಕಿ.ಮೀ.ಗಳಲ್ಲಿ ನಡುಕ ಮರಳುವುದು ಇದರಿಂದಲೇ. ಓಡಾಟ ಕಡಿಮೆಯಿರುವ ಕಾರಿನ ಕ್ಯಾಲಿಪರ್ ಪಿನ್ನು ಬಿಗಿದುಕೊಂಡರೆ ಬ್ರೇಕ್ ಹಾಕದಿದ್ದಾಗಲೂ ಪ್ಯಾಡ್ ಸವರುತ್ತದೆ. ಓಡಿಸಿದ ಮೇಲೆ ಒಂದು ಚಕ್ರ ಮಾತ್ರ ಕೈಯಿಡಲಾಗದಷ್ಟು ಬಿಸಿಯಿದ್ದರೆ ಅದೇ ಗುರುತು.

ಸ್ಟೀರಿಂಗ್ ಮತ್ತು ಸಸ್ಪೆನ್ಷನ್

ಸವೆದ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ತುದಿ, ಸ್ಟೀರಿಂಗ್ ರ‍್ಯಾಕಿನ ರಬ್ಬರ್ ಆಧಾರ ಇವು ತಾವಾಗಿ ಕಂಪನ ಹುಟ್ಟಿಸುವುದಿಲ್ಲ. ಅವು ಸುತ್ತುವ ಭಾಗಗಳಲ್ಲ. ಚಕ್ರದಿಂದ ಬಂದ ಸಣ್ಣ ಎಳೆತವನ್ನು ತಡೆಯಬೇಕಾದ ಜಾಗದಲ್ಲಿ ತಡೆಯದೆ ಬಿಡುತ್ತವೆ. ಹಾಗಾಗಿ ಬ್ಯಾಲೆನ್ಸಿಂಗ್ ಮಾಡಿಸಿದಾಗ ಕಂಪನ ಕಡಿಮೆಯಾಗಿ, ಟೈರು ತುಸು ಸವೆದ ಕೂಡಲೇ ಮರಳುವ ಕಾರಿನಲ್ಲಿ ಇವುಗಳ ಕಡೆ ನೋಡಬೇಕು. ಮೂವತ್ತು ವರ್ಷದ ರಬ್ಬರ್ ಬುಷ್ಷುಗಳು ಓಡಿದ ದೂರ ಎಷ್ಟೇ ಇರಲಿ, ಗಡಸಾಗಿ ಬಿರುಕು ಬಿಟ್ಟಿರುತ್ತವೆ. ಹೊಸ ಬುಷ್ಷಿನ ಬೋಲ್ಟನ್ನು ಕಾರು ನೆಲದ ಮೇಲೆ ತನ್ನ ಸಹಜ ಎತ್ತರದಲ್ಲಿ ನಿಂತಿರುವಾಗಲೇ ಕೊನೆಯ ಬಾರಿ ಬಿಗಿಯಬೇಕು. ಚಕ್ರ ಜೋತುಬಿದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಶಾಕ್ ಅಬ್ಸಾರ್ಬರ್ ಸೋತಾಗ ಚಕ್ರ ರಸ್ತೆಯ ಮೇಲೆ ಕುಪ್ಪಳಿಸುತ್ತ ಟೈರಿನ ಅಚ್ಚನ್ನು ಅಲ್ಲಲ್ಲಿ ಗುಳಿಬೀಳುವಂತೆ ಸವೆಸುತ್ತದೆ. ಅಂಗೈಯನ್ನು ಟೈರಿನ ಸುತ್ತ ಸವರಿದರೆ ಏರಿಳಿತ ತಿಳಿಯುತ್ತದೆ. ವೀಲ್ ಅಲೈನ್‌ಮೆಂಟ್ ತಪ್ಪಿದರೂ ಪರಿಣಾಮ ಇದೇ ದಾರಿಯಲ್ಲಿ ಬರುತ್ತದೆ: ಅಲೈನ್‌ಮೆಂಟ್ ನೇರವಾಗಿ ಅದುರಿಸುವುದಿಲ್ಲ, ಟೈರನ್ನು ಅಸಮವಾಗಿ ಸವೆಸಿ ಅದುರಿಸುತ್ತದೆ. ಹಾಗೆ ಸವೆದ ಟೈರನ್ನು ಅಲೈನ್‌ಮೆಂಟ್ ಮರಳಿ ಸರಿಮಾಡುವುದೂ ಇಲ್ಲ.

ಪ್ರೊಪೆಲ್ಲರ್ ಶಾಫ್ಟ್ ಮತ್ತು ಪವರ್ ಪ್ಲಾಂಟ್ ಫ್ರೇಮ್

ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲಿಗೆ ಹೋಗುವ ಶಾಫ್ಟಿನ ಎರಡೂ ತುದಿಗೆ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಒಂದು ಯೂನಿವರ್ಸಲ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಪ್ರತಿ ಸುತ್ತಿಗೂ ಎರಡು ಬಾರಿ ವೇಗವನ್ನು ಏರಿಸಿ ಇಳಿಸುತ್ತದೆ. ಎರಡೂ ತುದಿಯ ಕೋನ ಸಮವಾಗಿದ್ದರೆ ಒಂದರ ಏರುಪೇರನ್ನು ಇನ್ನೊಂದು ಅಳಿಸುತ್ತದೆ. ಸಮವಿಲ್ಲದಿದ್ದರೆ ಅದು ಕಂಪನವಾಗಿ ಹೊರಬರುತ್ತದೆ. ಎಂಎಕ್ಸ್-5ರಲ್ಲಿ ಈ ಕೋನಗಳನ್ನು ನಿರ್ಧರಿಸುವುದು ಪವರ್ ಪ್ಲಾಂಟ್ ಫ್ರೇಮ್. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸುವಾಗ ಈ ಚೌಕಟ್ಟನ್ನು ಬಿಚ್ಚಲೇಬೇಕು. ಮರಳಿ ಬಿಗಿಯುವಾಗ ಅದರ ಎತ್ತರವನ್ನು ಮಾಜ್ದಾದ ಕೈಪಿಡಿಯಂತೆ ಅಳೆದು ಹೊಂದಿಸದಿದ್ದರೆ ಗೇರ್‌ಬಾಕ್ಸಿನ ಬಾಲ ಇಳಿದೋ ಏರಿಯೋ ನಿಲ್ಲುತ್ತದೆ. ಕ್ಲಚ್ ಕೆಲಸದ ನಂತರ ಹೊಸದಾಗಿ ಶುರುವಾದ ಝುಮ್ಮಿಗೆ ಮೊದಲು ನೋಡಬೇಕಾದ್ದು ಇದನ್ನೇ.

ಕಾರ್ಖಾನೆಯ ಶಾಫ್ಟಿನಲ್ಲಿ ಜಾಯಿಂಟುಗಳನ್ನು ಒತ್ತಿ ಕೂರಿಸಿ ಅಂಚು ಬಡಿದು ಭದ್ರಪಡಿಸಿರುವುದರಿಂದ ಸಾಮಾನ್ಯ ಗ್ಯಾರೇಜಿನಲ್ಲಿ ಅವನ್ನು ಮಾತ್ರ ಬದಲಿಸಲಾಗುವುದಿಲ್ಲ. ಶಾಫ್ಟನ್ನೇ ಬದಲಿಸಬೇಕು, ಇಲ್ಲವೇ ಶಾಫ್ಟ್ ದುರಸ್ತಿಯಲ್ಲಿ ಪರಿಣತರಾದವರಿಗೆ ಕೊಟ್ಟು ಹೊಸ ಜಾಯಿಂಟ್ ಹಾಕಿಸಿ ಬ್ಯಾಲೆನ್ಸ್ ಮಾಡಿಸಬೇಕು. ಶಾಫ್ಟನ್ನು ಬಿಚ್ಚುವ ಮೊದಲು ಡಿಫರೆನ್ಷಿಯಲ್ ಫ್ಲ್ಯಾಂಜಿಗೂ ಶಾಫ್ಟಿಗೂ ಅಡ್ಡಲಾಗಿ ಬಣ್ಣದ ಗೆರೆ ಎಳೆದು, ಮರಳಿ ಅದೇ ಸ್ಥಾನದಲ್ಲಿ ಕೂರಿಸುವುದು ಕಡ್ಡಾಯ.

ಎಂಜಿನ್

ಎಂಜಿನ್ ಮೂಲದ ಕಂಪನ ಕಾರಿನ ವೇಗಕ್ಕಲ್ಲ, ಎಂಜಿನ್ನಿನ ಸುತ್ತಿಗೆ ಅಂಟಿಕೊಂಡಿರುತ್ತದೆ. ಕುಸಿದ ಎಂಜಿನ್ ಮೌಂಟಿಂಗ್, ರಬ್ಬರ್ ಪದರ ಬಿಟ್ಟ ಕ್ರ್ಯಾಂಕ್ ಪುಲ್ಲಿ, ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದು ಇವು ಸಾಮಾನ್ಯ ಕಾರಣಗಳು. ಎಂಎಕ್ಸ್-5ರ ಮೊದಲ ಎರಡು ಮೂರು ವರ್ಷಗಳ 1.6 ಲೀಟರ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮೂತಿ ಗಿಡ್ಡವಾಗಿತ್ತು. ಅದರ ಬೋಲ್ಟ್ ಸಡಿಲಾದರೆ ಪುಲ್ಲಿಯನ್ನು ಹಿಡಿದಿಡುವ ಕೀಲಿಯ ತೋಡು ಸವೆದು ಪುಲ್ಲಿ ಓಲಾಡತೊಡಗುತ್ತದೆ. ಎಂಜಿನ್ ನಡೆಯುವಾಗ ಪುಲ್ಲಿಯ ಅಂಚು ಎಡಬಲ ಓಲಾಡುವುದು ಕಂಡರೆ ಹೆದ್ದಾರಿಗೆ ಇಳಿಯದೆ ಮೊದಲು ಅದನ್ನು ಸರಿಪಡಿಸಬೇಕು. ಸವೆತ ಮುಂದುವರಿದರೆ ಕ್ರ್ಯಾಂಕ್ ಶಾಫ್ಟೇ ಹಾಳಾಗುತ್ತದೆ.

ಇತರ ತೆರೆದ ಕಾರುಗಳು

ಮೂಲ ತತ್ತ್ವ ಒಂದೇ ಆದರೂ ರಚನೆಗೆ ತಕ್ಕಂತೆ ದುರ್ಬಲ ಜಾಗ ಬೇರೆ. ಬ್ರಿಟನ್ನಿನ ಎಂಜಿಬಿಯಲ್ಲಿ (1962–1980) ತಂತಿ ಚಕ್ರಗಳಿದ್ದರೆ ಸಡಿಲಾದ ಕಡ್ಡಿಗಳು ರಿಮ್ಮನ್ನು ಸೊಟ್ಟಮಾಡುತ್ತವೆ. ಹಬ್ಬಿನ ಹಲ್ಲುಗಳು ಸವೆದರೆ ಚಕ್ರ ಮಧ್ಯದಲ್ಲಿ ನಿಲ್ಲುವುದೇ ಇಲ್ಲ. ಅಂಥ ಚಕ್ರದ ಕಡ್ಡಿಗಳನ್ನು ಮೊದಲು ಬಿಗಿದು ನೇರಮಾಡಿ, ಆಮೇಲಷ್ಟೇ ಬ್ಯಾಲೆನ್ಸ್ ಮಾಡಬೇಕು. ಆಲ್ಫಾ ರೋಮಿಯೊ ಸ್ಪೈಡರ್, ಬಿಎಂಡಬ್ಲ್ಯು ಜ಼ಡ್3 ಕಾರುಗಳಲ್ಲಿ ಎರಡು ತುಂಡಿನ ಶಾಫ್ಟ್ ಇದ್ದು ನಡುವೆ ಆಧಾರ ಬೇರಿಂಗ್, ಗೇರ್‌ಬಾಕ್ಸಿನ ಬಳಿ ರಬ್ಬರ್ ಡಿಸ್ಕ್ ಇರುತ್ತದೆ. ರಬ್ಬರ್ ಡಿಸ್ಕ್ ಬಿರುಕುಬಿಟ್ಟರೆ ಶಾಫ್ಟ್ ಬಡಿದಾಡುತ್ತದೆ. ಜ಼ಡ್3ರ ಮುಂದಿನ ಕಂಟ್ರೋಲ್ ಆರ್ಮಿನ ಬುಷ್ ಸವೆದಾಗ ಸ್ಟೀರಿಂಗ್ ನಡುಕ ಎದ್ದುಕಾಣುತ್ತದೆ. ಹೋಂಡಾ ಎಸ್2000 ಕಾರಿನಲ್ಲಿ ಹಿಂಚಕ್ರಗಳ ಆಕ್ಸಲ್‌ಗಳ ಒಳ ಜಾಯಿಂಟುಗಳಲ್ಲಿ ತೋಡು ಬಿದ್ದು ಆಕ್ಸಿಲರೇಟರ್ ಒತ್ತಿದಾಗ ನಡುಕ ಬರುವುದುಂಟು.

ದುರಸ್ತಿಯ ಅನುಕ್ರಮ

ಖರ್ಚು ಕಡಿಮೆಯಿರುವ, ಸಂಭವ ಹೆಚ್ಚಿರುವ ಕಾರಣದಿಂದ ಆರಂಭಿಸುವುದು ಒಪ್ಪಿತ ಕ್ರಮ. ಗಾಳಿ, ಟೈರಿನ ವಯಸ್ಸು ಮತ್ತು ಆಕಾರ, ಹಬ್ಬಿನ ಸ್ವಚ್ಛತೆ, ನಟ್ಟಿನ ಬಿಗಿ, ಸೂಕ್ಷ್ಮ ಬ್ಯಾಲೆನ್ಸಿಂಗ್, ಹಿಂದುಮುಂದಿನ ಚಕ್ರಗಳ ಅದಲುಬದಲು ಇವು ಮೊದಲ ಹಂತ. ಇದರಲ್ಲಿ ಬಗೆಹರಿಯದಿದ್ದರೆ ಬೇರಿಂಗ್, ಡಿಸ್ಕ್, ಬಾಲ್ ಜಾಯಿಂಟ್, ಬುಷ್ಷುಗಳ ತಪಾಸಣೆ. ಕಂಪನಾಂಕ 50 ಹರ್ಟ್ಸಿಗಿಂತ ಮೇಲಿದ್ದರೆ ಮಾತ್ರ ಶಾಫ್ಟ್, ಪವರ್ ಪ್ಲಾಂಟ್ ಫ್ರೇಮ್, ಎಂಜಿನ್ ಮೌಂಟಿಂಗುಗಳು. ಬಾಡಿಯ ಆಧಾರಪಟ್ಟಿಗಳು ಕೊನೆಗೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಮಡಚುವ ಛಾವಣಿಯನ್ನು ಒಂದೇ ಸ್ಥಿತಿಯಲ್ಲಿಟ್ಟು ಮತ್ತೆ ಓಡಿಸಿ ನೋಡಬೇಕು. ಛಾವಣಿ ಮುಚ್ಚಿದಾಗ, ಅದರಲ್ಲೂ ಗಟ್ಟಿ ಛಾವಣಿ ಕೂರಿಸಿದಾಗ, ಬಾಡಿಯ ಬಿಗುವೂ ಕೇಳುವ ಸದ್ದೂ ಬದಲಾಗುವುದರಿಂದ ಹೋಲಿಕೆ ತಪ್ಪುತ್ತದೆ. ಹಳೆಯ ತೆರೆದ ಕಾರು ಕೆಟ್ಟ ರಸ್ತೆಯಲ್ಲಿ ತುಸು ನಡುಗುವುದು ಅದರ ರಚನೆಯ ಗುಣ. ಅದನ್ನು ಪೂರ್ತಿ ತೆಗೆಯಲಾಗುವುದಿಲ್ಲ. ನುಣುಪಾದ ರಸ್ತೆಯಲ್ಲಿ, ಗಂಟೆಗೆ 80ರಿಂದ 130 ಕಿ.ಮೀ.ವರೆಗೆ ಯಾವ ವೇಗದಲ್ಲೂ ಲಯಬದ್ಧ ಕಂಪನ ಕಾಣದಿದ್ದರೆ ದುರಸ್ತಿ ಮುಗಿದಿದೆ ಎಂದು ತಿಳಿಯಬಹುದು.